ಬಿಲ್ಲು ತರಿಸಿ ನೋಡಿದ ರಾಜಕಾರಣಿ
ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದು, 2012ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿ, ಆಮೇಲೆ 2025ರ ಆರಂಭದವರೆಗೆ ಯೂಟಾದ ಸೆನೆಟರ್ ಆಗಿದ್ದ ಮಿಟ್ ರಾಮ್ನಿ ಅವರ ರಾಜಕೀಯ ಜೀವನವನ್ನು ಲೆಕ್ಕಪರಿಶೋಧಕನಾದ ನಾನು ಓದಲಾರಂಭಿಸುವುದು ಅವರ ವ್ಯಾಪಾರದ ದಿನಗಳಿಂದ. 1984ರಲ್ಲಿ ಅವರು ಪಾಲುದಾರರೊಡನೆ ಬೇನ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯನ್ನು ಕಟ್ಟಿದರು. ಕಚೇರಿಗಳಿಗೆ ಬೇಕಾದ ಕಾಗದ, ಪೆನ್ನು, ಫೈಲುಗಳನ್ನು ಅಗ್ಗವಾಗಿ ಮಾರುವ ದೊಡ್ಡ ಮಳಿಗೆಯ ಪ್ರಸ್ತಾವ ಹಿಡಿದು ಟಾಮ್ ಸ್ಟೆಂಬರ್ಗ್ ಬಂದಾಗ, ಸಣ್ಣ ಕಂಪನಿಗಳು ಇದಕ್ಕೆಲ್ಲ ಅಷ್ಟು ಖರ್ಚು ಮಾಡುತ್ತವೆಯೇ ಎಂದು ಬೇನ್ ತಂಡ ವಿಚಾರಿಸಿತು. ಕಂಪನಿಯವರು ಹೇಳಿದ ಮೊತ್ತ ತೀರ ಕಡಿಮೆಯಿತ್ತು. ಸ್ಟೆಂಬರ್ಗ್ ಪಟ್ಟು ಬಿಡದಿದ್ದಾಗ ಬಿಲ್ಲುಗಳನ್ನೇ ತೆಗೆಸಿ ಕೂಡಿದರು, ಸ್ಟೆಂಬರ್ಗ್ ಅಂದಾಜೇ ಸರಿಯಾಗಿತ್ತು. 1986ರಲ್ಲಿ ಬಾಸ್ಟನ್‌ನ ಬ್ರೈಟನ್‌ನಲ್ಲಿ ಸ್ಟೆಂಬರ್ಗ್ ಅವರ ಸ್ಟೇಪಲ್ಸ್ ಕಂಪನಿಯ ಮೊದಲ ಮಳಿಗೆ ತೆರೆಯಿತು. ಬಾಯಿಲೆಕ್ಕ ಬೇಡ, ವೋಚರ್ ತೋರಿಸಿ ಎಂದು ನಮ್ಮ ವೃತ್ತಿಯವರು ನಿತ್ಯ ಹೇಳುವುದೂ ಇದನ್ನೇ.

ಆದರೆ ವೋಚರಿನಲ್ಲಿ ಬಾರದ ಬಾಬತ್ತುಗಳೂ ಇವೆ. 1994ರಲ್ಲಿ ರಾಮ್ನಿ ಡೆಮಾಕ್ರಟಿಕ್ ಪಕ್ಷದ ಹಾಲಿ ಸೆನೆಟರ್ ಟೆಡ್ ಕೆನಡಿ ಅವರ ಎದುರು ಸೆನೆಟ್‌ಗೆ ಸ್ಪರ್ಧಿಸಿದ್ದಾಗ, ಬೇನ್ ಹಿಡಿತದಲ್ಲಿದ್ದ ಆ್ಯಂಪ್ಯಾಡ್ ಎಂಬ ಕಾಗದ ಸಾಮಗ್ರಿ ತಯಾರಿಕಾ ಕಂಪನಿ ಇಂಡಿಯಾನಾದ ಮೇರಿಯನ್‌ನಲ್ಲಿ ಕಾರ್ಖಾನೆಯೊಂದನ್ನು ಕೊಂಡು, ಕಾರ್ಮಿಕರನ್ನೆಲ್ಲ ತೆಗೆದು, ಹೊಸದಾಗಿ ಅರ್ಜಿ ಹಾಕಿಸಿ, ಹಲವರನ್ನು ಕಡಿಮೆ ಸಂಬಳಕ್ಕೆ ಮರಳಿ ಸೇರಿಸಿಕೊಂಡಿತು. ಮುಷ್ಕರ ಹೂಡಿದ ಆ ಕಾರ್ಮಿಕರೇ ಕೆನಡಿ ಅವರ ಜಾಹೀರಾತುಗಳಲ್ಲಿ ಮಾತನಾಡಿದರು. ರಾಮ್ನಿ ಸೋತರು, ಮರುವರ್ಷ ಕಾರ್ಖಾನೆಯೂ ಮುಚ್ಚಿತು. ಆ ಅವಧಿಯಲ್ಲಿ ಅವರು ಬೇನ್‌ನಿಂದ ರಜೆಯಲ್ಲಿದ್ದುದು ನಿಜ. ಆದರೂ ಹೂಡಿಕೆದಾರರ ಲೆಕ್ಕದಲ್ಲಿ ವೆಚ್ಚ ಕಡಿತವೆಂದು ಒಂದೇ ಸಾಲಿಗೆ ಮುಗಿಯುವುದು ಮೇರಿಯನ್‌ನ ಮನೆಗಳಲ್ಲಿ ಸಂಬಳ ಮತ್ತು ವಿಮೆಯ ಪ್ರಶ್ನೆಯಾಗಿತ್ತೆಂಬುದಕ್ಕೆ ಅವರ ಬಳಿ ಉತ್ತರ ಸಿದ್ಧವಿರಲಿಲ್ಲ.

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸನ್ನು ಹಣಕಾಸಿನ ಇಕ್ಕಟ್ಟಿನಿಂದ ಪಾರುಮಾಡಿದ ಹೆಸರಿನ ಮೇಲೆ ಅವರು ಗವರ್ನರ್ ಆದಾಗ, ಎಲ್ಲರಿಗೂ ಆರೋಗ್ಯ ವಿಮೆ ಸಿಗುವಂತೆ ಮಾಡಿ ಎಂದು ಒತ್ತಾಯಿಸಿದವರು ಅದೇ ಸ್ಟೆಂಬರ್ಗ್. ವಿಮೆಯಿಲ್ಲದವರ ಆಸ್ಪತ್ರೆ ಬಿಲ್ಲನ್ನು ಸರ್ಕಾರ ಮತ್ತು ವಿಮೆಯುಳ್ಳವರು ಹೇಗೂ ಭರಿಸುತ್ತಲೇ ಇದ್ದರು. ಆ ಹಣವನ್ನು ಪ್ರೀಮಿಯಂ ಸಹಾಯಧನದ ಕಡೆಗೆ ತಿರುಗಿಸಿ, ವಿಮೆ ಹೊಂದುವುದನ್ನು ಕಡ್ಡಾಯಗೊಳಿಸುವ ಕಾನೂನಿಗೆ ರಾಮ್ನಿ 2006ರ ಏಪ್ರಿಲ್‌ನಲ್ಲಿ ಸಹಿ ಹಾಕಿದರು. ಅವರ ಅತ್ಯುತ್ತಮ ಕೆಲಸ ಇದೆಂಬುದರಲ್ಲಿ ನನಗೆ ಸಂಶಯವಿಲ್ಲ. ಅಧ್ಯಕ್ಷ ಒಬಾಮ ಅವರ 2010ರ ಆರೋಗ್ಯ ವಿಮಾ ಕಾನೂನು ಇದೇ ಚೌಕಟ್ಟಿನ ಮೇಲೆ ನಿಂತಿತು. 2012ರಲ್ಲಿ ಅದನ್ನು ರದ್ದುಪಡಿಸುವ ಭರವಸೆ ಕೊಡಬೇಕಾದ ಅಭ್ಯರ್ಥಿಯಾಗಿ ರಾಮ್ನಿ, ಒಂದು ರಾಜ್ಯಕ್ಕೆ ಸರಿಹೊಂದಿದ್ದು ದೇಶಕ್ಕೆ ಹೇಗೆ ಹೊಂದುವುದಿಲ್ಲವೆಂದು ಸಭೆಯಿಂದ ಸಭೆಗೆ ವಿವರಿಸುತ್ತಾ ಹೋದರು.