ಹಳಿಯೋ, ಬಯಲೋ: ಗೇಮ್ ಮಾಸ್ಟರ್ ಮೇಜಿನ ಹಳೇ ತಗಾದೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳಗಳಲ್ಲೇ ಕಥೆ ನಡೆಸುವ ಆಟ. ಲೋಕ ಕಟ್ಟಿ ಆಟ ನಡೆಸುವವರೇ ಗೇಮ್ ಮಾಸ್ಟರ್. ಅಂಥವರೊಬ್ಬರು ವಾರವಿಡೀ ಕೂತು ಹನ್ನೆರಡು ಪುಟ ಬರೆದಿದ್ದಾರೆ. ಅರಮನೆಯಲ್ಲಿ ಔತಣ, ಅಲ್ಲೊಂದು ಮಂತ್ರಿಯ ಕೊಲೆ, ಆರೋಪ ಆಟಗಾರರ ಪಾತ್ರಗಳ ತಲೆಗೆ, ಆಮೇಲೆ ಸೆರೆಮನೆ, ಅಲ್ಲಿಂದ ತಪ್ಪಿಸಿಕೊಳ್ಳಲು ಸುರಂಗ. ಆಟ ಶುರುವಾಗಿ ಹತ್ತು ನಿಮಿಷ ಆಗಿರುವುದಿಲ್ಲ, ಆಟಗಾರರು ಔತಣದ ಆಹ್ವಾನಪತ್ರವನ್ನು ಒಬ್ಬ ಕಳ್ಳನಿಗೆ ಮಾರಿ, ಬಂದ ದುಡ್ಡಿನಲ್ಲಿ ಹಡಗು ಹತ್ತಿಬಿಡುತ್ತಾರೆ. ಈಗೇನು ಮಾಡುವುದು? ಬಿರುಗಾಳಿ ಎಬ್ಬಿಸಿ ಹಡಗನ್ನು ಅದೇ ಬಂದರಿಗೆ ವಾಪಸ್ ತರಬಹುದು. ಇಲ್ಲವೇ ಹನ್ನೆರಡು ಪುಟ ಬದಿಗಿಟ್ಟು, ಆ ಹಡಗು ಎಲ್ಲಿಗೆ ಹೊರಟಿದೆ, ಅದರ ಕ್ಯಾಪ್ಟನ್ ಯಾರು ಎಂದು ನಿಂತ ನಿಲುವಿನಲ್ಲೇ ಹುಟ್ಟಿಸಬಹುದು.

ಮೊದಲನೆಯದಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಡುವವರು ಇಟ್ಟಿರುವ ಹೆಸರು ರೈಲ್‌ರೋಡಿಂಗ್: ಆಟಗಾರರು ಎತ್ತ ತಿರುಗಿದರೂ ಬಂಡಿ ಹೋಗುವುದು ಹಾಕಿಟ್ಟ ಹಳಿಯ ಮೇಲೇ. ಎರಡನೆಯದನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅದನ್ನೇ ಪ್ರತಿವಾರ ಮಾಡಹೊರಟ ಗೇಮ್ ಮಾಸ್ಟರ್ ಮೂರನೇ ಸೆಷನ್ನಿಗೆ ಸುಸ್ತಾಗಿರುತ್ತಾರೆ. ತಗಾದೆಯ ಬೇರು ಇರುವುದು ಸಿದ್ಧತೆಯಲ್ಲಿ. ಏನನ್ನು ಬರೆದುಕೊಂಡು ಬಂದಿದ್ದೇವೋ ಅದನ್ನು ಆಡಿಸಿಯೇ ತೀರಬೇಕೆಂಬ ಆಸೆ ಸಹಜ. ಹಾಗಾಗಿ ಯಾವ ಕಾಲದಲ್ಲಿ ಗೇಮ್ ಮಾಸ್ಟರ್‌ಗಳು ಏನು ಬರೆದುಕೊಂಡು ಬರುತ್ತಿದ್ದರು ಎಂದು ನೋಡುತ್ತ ಹೋದರೆ ಹಳಿ ಎಲ್ಲಿಂದ ಬಂತೆಂಬುದೂ ಕಾಣುತ್ತದೆ.

ಮೇಜಿನ ತುದಿಯಲ್ಲಿ ಕೂತು ಎರಡೂ ಕಡೆಯವರಿಗೆ "ನಿಮಗೆ ಕಾಣುತ್ತಿರುವುದು ಇಷ್ಟು" ಎಂದು ಹೇಳುವ ಮನುಷ್ಯ ಮೊದಲು ಕಾಣಿಸಿಕೊಂಡದ್ದು ಪ್ರಷ್ಯದ ಸೇನೆಯಲ್ಲಿ. ಅಲ್ಲಿನ ಅಧಿಕಾರಿ ಫಾನ್ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟ ಕ್ರೀಗ್‌ಷ್ಪೀಲ್‌ನಲ್ಲಿ 1:8000 ಅಳತೆಯ ನಕ್ಷೆ, ಎರಡು ನಿಮಿಷಕ್ಕೊಂದು ಸುತ್ತು, ದಾಳ, ಮತ್ತು ಒಬ್ಬ ಅಂಪೈರ್. ಆಟಗಾರರು ಆಜ್ಞೆಗಳನ್ನು ಅಂಪೈರ್‌ಗೆ ಕೊಡಬೇಕು. ಯಾರಿಗೆ ಏನು ಕಾಣುತ್ತದೆ, ಯಾವ ಆಜ್ಞೆ ಯಾವಾಗ ತಲುಪುತ್ತದೆ ಎಂಬುದು ಅವನ ಕೈಯಲ್ಲಿ. ಲೆಕ್ಕಾಚಾರದ ಹೊರೆ ಅತಿಯಾಯಿತೆಂಬ ಗೊಣಗಾಟ ಬೆಳೆಯಿತು. 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಅಧಿಕಾರಿ ಕೋಷ್ಟಕಗಳನ್ನು ಪಕ್ಕಕ್ಕಿಟ್ಟು, ಅನುಭವಿ ಅಂಪೈರ್‌ನ ವಿವೇಚನೆಯೇ ಸಾಕು ಎಂದು ವಾದಿಸಿದ. ನಿಯಮ ಹೆಚ್ಚೋ, ನಡೆಸುವವನ ಮಾತು ಹೆಚ್ಚೋ ಎಂದು ಇವತ್ತಿಗೂ ಕಿತ್ತಾಡುವವರು ಇದನ್ನು ತಾವೇ ಕಂಡುಹಿಡಿದಂತೆ ಮಾತಾಡುತ್ತಾರೆ. ಇರಲಿ. ಈ ಅಂಪೈರ್ ಬರೆದುಕೊಂಡು ಬರುತ್ತಿದ್ದುದು ನಕ್ಷೆ, ಎರಡು ಸೈನ್ಯಗಳ ಬಲ, ಇಬ್ಬರ ಗುರಿ. ಯಾರು ಗೆಲ್ಲಬೇಕೆಂದು ಮಾತ್ರ ಅದರಲ್ಲಿ ಇರುತ್ತಿರಲಿಲ್ಲ.

1969ರಲ್ಲಿ ಅಮೆರಿಕದ ಮಿನೆಸೋಟದ ಅವಳಿ ನಗರಗಳ ಯುದ್ಧದಾಟದ ಗುಂಪಿನಲ್ಲಿ ಡೇವಿಡ್ ವೆಸ್ಲಿ ಒಂದು ಆಟ ಕಟ್ಟಿದರು. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರು, ನೆಪೋಲಿಯನ್ ಕಾಲ. ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಫಲವನ್ನು ರೆಫರಿ ತೀರ್ಮಾನಿಸುತ್ತಾನೆ ಎಂಬ ಎಳೆ ಅವರಿಗೆ ಸಿಕ್ಕಿದ್ದು ಚಾರ್ಲ್ಸ್ ಟಾಟನ್ ಎಂಬ ಸೇನಾಧಿಕಾರಿ 1880ರಲ್ಲಿ ತಂದ 'ಸ್ಟ್ರಾಟೆಗೋಸ್' ಪುಸ್ತಕದಲ್ಲಿ. ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದದ್ದರಿಂದ ಸೇನಾಪತಿಗಳಲ್ಲದವರಿಗೂ ಪಾತ್ರ ಹಂಚಬೇಕಾಯಿತು: ಊರಿನ ಮೇಯರ್, ಬ್ಯಾಂಕಿನವ, ವಿಶ್ವವಿದ್ಯಾಲಯದ ಮುಖ್ಯಸ್ಥ, ವಿದ್ಯಾರ್ಥಿಗಳು. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಗುರಿ. ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದು ಅವರ ನಡೆ ಕೇಳುವುದು ವೆಸ್ಲಿ ಅವರ ಯೋಜನೆ. ಅವರು ಒಳಗೆ ಒಬ್ಬರೊಂದಿಗೆ ಮಾತಾಡುವಷ್ಟರಲ್ಲಿ ಹೊರಗಿದ್ದವರು ತಮ್ಮತಮ್ಮಲ್ಲೇ ಒಪ್ಪಂದ, ಪಿತೂರಿ ಶುರುಮಾಡಿಕೊಂಡರು. ಇಬ್ಬರಂತೂ ದ್ವಂದ್ವಯುದ್ಧಕ್ಕೆ ಇಳಿದಿದ್ದೇವೆಂದು ಬಂದು ನಿಂತರು. ದ್ವಂದ್ವಯುದ್ಧಕ್ಕೆ ನಿಯಮವೇ ಇರಲಿಲ್ಲ, ಅಲ್ಲೇ ಕಟ್ಟಿಕೊಟ್ಟರು. ಸೈನ್ಯಗಳ ಕದನ ನಡೆಯಲೇ ಇಲ್ಲ. ಆಟ ಕೆಟ್ಟಿತೆಂದು ವೆಸ್ಲಿ ಕೈಚೆಲ್ಲಿದರೆ, ಬಂದವರು ಮತ್ತೆ ಯಾವಾಗ ಎಂದು ಬೆನ್ನು ಬಿದ್ದರು.

ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಇದನ್ನೇ ಬ್ಲ್ಯಾಕ್‌ಮೂರ್ ಎಂಬ ಮಾಯಾಲೋಕಕ್ಕೆ ಒಯ್ದು, ಕೋಟೆಯ ಕೆಳಗೆ ನೆಲಮಾಳಿಗೆಗಳ ಜಾಲ, ಅಂದರೆ ಡಂಜನ್, ಹೆಣೆದರು. ಡಂಜನ್ ಎಂದರೆ ರಾಕ್ಷಸರ ಗುಹೆ ಎಂದಷ್ಟೇ ತಿಳಿದವರಿಗೆ ಅದರ ಕುಶಲತೆ ಕಾಣುವುದಿಲ್ಲ. ಬಯಲಿನಲ್ಲಿ ನಿಂತ ಆಟಗಾರನಿಗೆ ದಿಕ್ಕುಗಳು ಅಸಂಖ್ಯ. ಮೂರು ಬಾಗಿಲಿನ ಕೋಣೆಯಲ್ಲಿ ನಿಂತವನಿಗೆ ದಾರಿ ಮೂರೇ. ಮೂರರಲ್ಲಿ ಯಾವುದನ್ನು ಬೇಕಾದರೂ ಆರಿಸಲಿ, ಮೂರೂ ನಕ್ಷೆಯಲ್ಲಿ ಆಗಲೇ ಇವೆ. ಆಯ್ಕೆ ಆಟಗಾರರದು, ಸಿದ್ಧತೆಗೂ ಮಿತಿ ಸಿಕ್ಕಿತು. ಇದಕ್ಕಿಂತ ಸಲೀಸಾದ ಪರಿಹಾರ ಇವತ್ತಿಗೂ ಬಂದಿಲ್ಲ. ಮೊದಲ ಸಲ ಆಡಿಸುವವರು ಡಂಜನ್‌ನಿಂದಲೇ ಶುರುಮಾಡುವುದು ಒಳ್ಳೆಯದು.

ಕಾಲವನ್ನೂ ನಕ್ಷೆಯ ಹಾಗೆಯೇ ಅಳೆದಿಟ್ಟಿದ್ದರು. ಇದರಿಂದ ಹುಟ್ಟಿದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ 1981ರ ಬೇಸಿಕ್ ಆವೃತ್ತಿಯ ಲೆಕ್ಕ ಹೀಗೆ: ಡಂಜನ್‌ನಲ್ಲಿ ಒಂದು ಸುತ್ತು 10 ನಿಮಿಷ, ಒಂದು ಪಂಜು 6 ಸುತ್ತು ಉರಿಯುತ್ತದೆ, ಎರಡು ಸುತ್ತಿಗೊಮ್ಮೆ ಆರು ಮುಖದ ದಾಳ ಉರುಳಿಸಿ 1 ಬಿದ್ದರೆ ಅಲೆಮಾರಿ ಪ್ರಾಣಿ ಎದುರಾಗುತ್ತದೆ. ಅಂದರೆ ಒಂದು ಪಂಜು ಆರುವಷ್ಟರಲ್ಲಿ ಮೂರು ದಾಳ, ಒಮ್ಮೆಯಾದರೂ ಮುಖಾಮುಖಿಯಾಗುವ ಸಂಭವ ಸುಮಾರು 42 ಶೇಕಡ. ಹೀಗಿರುವಾಗ ಗೋಡೆ ತಟ್ಟುತ್ತ ಗುಪ್ತದ್ವಾರ ಹುಡುಕುತ್ತ ಕೂರಬೇಕೋ ಮುಂದೆ ಹೋಗಬೇಕೋ ಎಂಬುದೇ ನಿಜವಾದ ಪ್ರಶ್ನೆಯಾಗುತ್ತದೆ. ಪಂಜಿನ ಲೆಕ್ಕ ಬೇಜಾರೆಂದು ಕೈಬಿಟ್ಟ ಮೇಜುಗಳಲ್ಲಿ ಡಂಜನ್ ಸಪ್ಪೆಯಾಗುವುದು ಇದಕ್ಕೇ: ತಡಮಾಡಿದ್ದಕ್ಕೆ ಬೆಲೆಯೇ ಇಲ್ಲದಿದ್ದರೆ ಎಲ್ಲ ಕೋಣೆಗಳನ್ನೂ ಪುರಸೊತ್ತಾಗಿ ಜಾಲಾಡುತ್ತಾರೆ.

ಆರ್ನೆಸನ್ ಮತ್ತು ಗ್ಯಾರಿ ಗೈಗಾಕ್ಸ್ ಸೇರಿ ತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ 1974ರಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ ಹೊರಬಂತು. ಮೊದಲ ಮುದ್ರಣ 1000 ಪ್ರತಿ. ಈ ಆಟದ ಗೇಮ್ ಮಾಸ್ಟರ್‌ಗೆ ಆಮೇಲೆ ಬಂದ ಡಂಜನ್ ಮಾಸ್ಟರ್ ಎಂಬ ಹೆಸರೇ ಅದರಲ್ಲಿಲ್ಲ, ಇರುವುದು ರೆಫರಿ. ಒಂದು ಕ್ಯಾಂಪೇನ್‌ಗೆ ಅಂದರೆ ಹಲವು ಸೆಷನ್ನುಗಳ ಉದ್ದಕ್ಕೂ ಒಂದೇ ಲೋಕದಲ್ಲಿ ಮುಂದುವರಿಯುವ ಆಟಕ್ಕೆ 4ರಿಂದ 50 ಆಟಗಾರರು, 20 ಜನಕ್ಕೊಬ್ಬ ರೆಫರಿ ಎಂದು ಅದು ಹೇಳುತ್ತದೆ. ಇವತ್ತಿನ ನಾಲ್ಕೈದು ಜನರ ಮೇಜು ನೋಡಿದವರಿಗೆ ಇದು ಅಚ್ಚಿನ ತಪ್ಪೆನ್ನಿಸಬಹುದು. ಐವತ್ತು ಮಂದಿ ಒಟ್ಟಿಗೆ ಕೂರುವುದಲ್ಲ. ಇವತ್ತು ಬಂದ ಆರು ಜನ ಒಂದು ತಂಡ, ನಾಳೆ ಬಂದ ಐವರು ಇನ್ನೊಂದು, ಲೋಕ ಮಾತ್ರ ಒಂದೇ. 12ನೇ ದಿನ ಮೊದಲ ತಂಡ ಭಂಡಾರ ಹೊತ್ತೊಯ್ದರೆ 15ನೇ ದಿನ ಹೋದವರಿಗೆ ಸಿಗುವುದು ಖಾಲಿ ಪೆಟ್ಟಿಗೆ. ಕಾಲದ ಲೆಕ್ಕ ಕಟ್ಟುನಿಟ್ಟಾಗಿ ಇಡದಿದ್ದರೆ ಅರ್ಥವುಳ್ಳ ಕ್ಯಾಂಪೇನ್ ಸಾಧ್ಯವಿಲ್ಲ ಎಂದು 1979ರ ಡಂಜನ್ ಮಾಸ್ಟರ್ಸ್ ಗೈಡ್ ದೊಡ್ಡಕ್ಷರಗಳಲ್ಲಿ ಕೂಗಿದ್ದು ಈ ಕಾರಣಕ್ಕೆ. ಆಟವಿಲ್ಲದ ದಿನಗಳಲ್ಲಿ ಹೊರಗಿನ ಒಂದು ದಿನಕ್ಕೆ ಆಟದೊಳಗೂ ಒಂದು ದಿನ ಸರಿಯಲಿ ಎಂದೂ ಅದು ಸೂಚಿಸಿತು. ಯಾರು ಯಾವತ್ತು ಬರುತ್ತಾರೆಂದೇ ಗೊತ್ತಿಲ್ಲದಾಗ ನಾಯಕನ ಕಥೆ ಬರೆಯುವುದಾದರೂ ಹೇಗೆ?

ಹಾಗಾದರೆ ಹಳಿ ಬಂದದ್ದೆಲ್ಲಿಂದ? ಒಂದು ಕವಲು ಸ್ಪರ್ಧೆಗಳದು. ಸಮಾವೇಶಗಳಲ್ಲಿ ಹಲವು ಮೇಜುಗಳಿಗೆ ಒಂದೇ ಸಾಹಸ ಆಡಿಸಿ ಅಂಕ ಕೊಡಬೇಕೆಂದರೆ ಎಲ್ಲರೂ ಅದೇ ಕೋಣೆಗಳನ್ನು ಅದೇ ಅವಧಿಯಲ್ಲಿ ಹಾಯಬೇಕು. 1975ರ ಒರಿಜಿನ್ಸ್ ಸಮಾವೇಶಕ್ಕೆ ಬಳಸಿದ 'ಟೂಮ್ ಆಫ್ ಹಾರರ್ಸ್' 1978ರಲ್ಲಿ ಅಂಗಡಿಗೆ ಬಂತು. ಇಂಥವನ್ನು ಕೊಂಡು ಓದಿದವರಿಗೆ ಸಾಹಸವೆಂದರೆ ಹೀಗೇ ಇರಬೇಕೆಂಬ ಭಾವನೆ ಬೇರೂರಿತು.

ಇನ್ನೊಂದು ಕವಲು ಪತ್ತೇದಾರಿಯದು, ಹೆಚ್ಚು ಕಾಡುವುದೂ ಅದೇ. 1981ರ ಕಾಲ್ ಆಫ್ ಕ್ತುಲು ಆಟದಲ್ಲಿ ನಡೆಸುವವರ ಹೆಸರು ಕೀಪರ್, ಆಟಗಾರರು ತನಿಖೆಗಾರರು. ಇಲ್ಲಿ ಬಾಗಿಲುಗಳ ಜಾಗದಲ್ಲಿ ಸುಳಿವುಗಳಿವೆ. ಪತ್ರ ಸಿಕ್ಕಿದರೆ ತೋಟದ ಮನೆ, ತೋಟದ ಮನೆಯಲ್ಲಿ ಡೈರಿ ಸಿಕ್ಕಿದರೆ ಬಂದರು, ಬಂದರಿನಲ್ಲಿ ಕಾವಲುಗಾರ ಬಾಯಿಬಿಟ್ಟರೆ ಕೊಲೆಗಾರ. ಒಂದೊಂದಕ್ಕೂ ಗೆಲ್ಲುವ ಸಂಭವ 60 ಶೇಕಡ ಎಂದಿಟ್ಟುಕೊಳ್ಳಿ. ಮೂರೂ ಸಾಲಾಗಿ ಗೆಲ್ಲುವ ಸಂಭವ 21.6 ಶೇಕಡ. ಐದರಲ್ಲಿ ನಾಲ್ಕು ಸಲ ಆಟ ನಡುವೆಯೇ ಕೂತುಬಿಡುತ್ತದೆ. ಆಗ ಕೀಪರ್ "ಇನ್ನೊಮ್ಮೆ ದಾಳ ಹಾಕಿ ನೋಡಿ" ಎನ್ನುತ್ತಾರೆ, ಆಮೇಲೆ ಮತ್ತೊಮ್ಮೆ, ಕೊನೆಗೆ ಡೈರಿಯನ್ನು ಕೈಗೇ ತುರುಕುತ್ತಾರೆ. ಕೆಟ್ಟ ಉದ್ದೇಶವೇನೂ ಇಲ್ಲದೆ ಹಳಿ ಬೀಳುವುದು ಹೀಗೆ. ಇದಕ್ಕೆ ಒಳ್ಳೆಯ ಮದ್ದು ಬರಲು ಕಾಲು ಶತಮಾನ ಹಿಡಿಯಿತು. ಮುಖ್ಯ ಸುಳಿವಿಗೆ ದಾಳವೇ ಬೇಡ, ಸರಿಯಾದ ಜಾಗದಲ್ಲಿ ಹುಡುಕಿದವರಿಗೆ ಸಿಕ್ಕೇ ಸಿಗಲಿ ಎಂದಿತು ಗಂಶೂ ಎಂಬ ನಿಯಮವ್ಯವಸ್ಥೆ. ಆಟಗಾರರು ತಲುಪಬೇಕಾದ ಪ್ರತಿ ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು ಇಡಿ ಎಂದು 2008ರಲ್ಲಿ ಜಸ್ಟಿನ್ ಅಲೆಕ್ಸಾಂಡರ್ ತಮ್ಮ ಬ್ಲಾಗಿನಲ್ಲಿ ಬರೆದರು. ಅದೇ 60 ಶೇಕಡದ ಮೂರು ಸುಳಿವು ಒಂದೇ ಕಡೆ ಬೊಟ್ಟು ಮಾಡಿದರೆ, ಒಂದಾದರೂ ಸಿಗುವ ಸಂಭವ 93.6 ಶೇಕಡ. ಬದಲಾದದ್ದು ಜೋಡಣೆಯೊಂದೇ.

1984ರಲ್ಲಿ ಶುರುವಾದ ಮುದ್ರಿತ ಸಾಹಸಗಳ ಡ್ರ್ಯಾಗನ್‌ಲಾನ್ಸ್ ಸರಣಿ ಹಳಿಗೆ ಮರ್ಯಾದೆ ತಂದುಕೊಟ್ಟಿತು. ಪಾತ್ರಗಳನ್ನು ಮೊದಲೇ ಬರೆದುಕೊಟ್ಟಿದ್ದರು. ಜೊತೆಗೆ ಕಾದಂಬರಿಗಳೂ ಬಂದವು. ಮುಂದಿನ ಕಂತಿಗೆ ಬೇಕಾದವರು ಈಗಲೇ ಸತ್ತರೆ ಗತಿಯೇನು? ಶವ ಸಿಗದ ಹಾಗೆ ಸಾಯಿಸಿ, ಆಮೇಲೆ ಬದುಕಿ ಬರಲಿ ಎಂಬ ಸೂಚನೆಯೇ ಅದರಲ್ಲಿತ್ತು. ಜನ ಮೆಚ್ಚಿದ್ದು ಸುಳ್ಳಲ್ಲ. ಕೋಣೆಯಿಂದ ಕೋಣೆಗೆ ಸುತ್ತಿ ಬೇಸತ್ತವರಿಗೆ ದೊಡ್ಡ ಯುದ್ಧ, ಪ್ರೇಮ, ದ್ರೋಹ ಎಲ್ಲ ಮೇಜಿನ ಮೇಲೆ ಸಿಕ್ಕಿತು. 1991ರ ವ್ಯಾಂಪೈರ್ ಆಟ ನಡೆಸುವವರನ್ನು ಸ್ಟೋರಿಟೆಲ್ಲರ್ ಎಂದೇ ಕರೆಯಿತು. ರೆಫರಿ ಎಂದು ಶುರುವಾದವನು ಕಥೆಗಾರನಾಗುವಷ್ಟರಲ್ಲಿ ಹದಿನೇಳು ವರ್ಷ ಕಳೆದಿತ್ತು.

ಕಥೆಗಾರನಿಗೆ ದಾಳ ಶತ್ರು. ಮೂರನೇ ಸೆಷನ್ನಿನಲ್ಲೇ ಖಳನಾಯಕ ಒಂದು ಅದೃಷ್ಟದ ಏಟಿಗೆ ಸತ್ತರೆ ಮುಂದಿನ ಮೂವತ್ತು ಪುಟ ದಂಡ. ಹೀಗಾಗಿ ಮರೆಯ ಹಿಂದೆ ದಾಳ ಉರುಳಿಸಿ, ಬಿದ್ದದ್ದು ಒಂದು, ಹೇಳುವುದು ಇನ್ನೊಂದು ಎಂಬ ಚಾಳಿ ಹಬ್ಬಿತು. ಇದಕ್ಕಿಂತ ನಯವಾದದ್ದೂ ಇದೆ: ಎಡದಾರಿ ಹಿಡಿದರೂ ಬಲದಾರಿ ಹಿಡಿದರೂ ಅದೇ ರಾಕ್ಷಸನನ್ನು ಎದುರಿಗೆ ನಿಲ್ಲಿಸುವುದು. ಆಟಗಾರರಿಗೆ ತಿಳಿಯದಿದ್ದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ತಿಳಿಯುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ ಗೇಮ್ ಮಾಸ್ಟರ್ ಎಂದೂ 20 ಹಾಕದಿದ್ದರೆ ಕೆಲವೇ ಸೆಷನ್‌ಗಳಲ್ಲಿ ಯಾರಾದರೂ ಗಮನಿಸುತ್ತಾರೆ. ಆಮೇಲೆ ಯಾರೂ ಓಡಿಹೋಗುವ ಯೋಚನೆ ಮಾಡುವುದಿಲ್ಲ, ದಾರಿ ವಿಚಾರಿಸುವುದಿಲ್ಲ, ಗೂಢಚಾರನನ್ನು ಮುಂದೆ ಕಳಿಸುವುದಿಲ್ಲ. ಯಾವುದರಿಂದಲೂ ಏನೂ ಬದಲಾಗುವುದಿಲ್ಲವೆಂದು ಗೊತ್ತಾದವರು ಮೊಬೈಲ್ ನೋಡುತ್ತ ತಮ್ಮ ಸರದಿ ಕಾಯುತ್ತಾರೆ.

ಈ ಕಣ್ಕಟ್ಟನ್ನು ಬಯಲಿಗೆಳೆದದ್ದು 2000ದ ದಶಕದ ಸ್ವತಂತ್ರ ಆಟಗಳ ಬಳಗ. ಕಥೆಯ ಕರ್ತೃ ಗೇಮ್ ಮಾಸ್ಟರ್, ಆದರೆ ನಾಯಕರ ಎಲ್ಲ ನಡೆಯೂ ಆಟಗಾರರದು ಎಂದು ಪುಸ್ತಕಗಳು ಒಂದೇ ಉಸಿರಿನಲ್ಲಿ ಹೇಳುತ್ತಿದ್ದವಲ್ಲ, ಅದು ಸಾಧ್ಯವೇ ಇಲ್ಲದ ಮಾತು ಎಂದು ಆ ಬಳಗದ ರಾನ್ ಎಡ್ವರ್ಡ್ಸ್ ನೇರವಾಗಿ ಹೇಳಿದರು. 2010ರಲ್ಲಿ ಮೆಗ್ವೀ ಮತ್ತು ವಿನ್ಸೆಂಟ್ ಬೇಕರ್ ದಂಪತಿ ತಂದ ಅಪೊಕ್ಯಾಲಿಪ್ಸ್ ವರ್ಲ್ಡ್, ಏನಾಗುತ್ತದೆಂದು ತಿಳಿಯಲೆಂದೇ ಆಡಿ ಎಂದು ನಡೆಸುವವರಿಗೆ ಅಪ್ಪಣೆ ಕೊಟ್ಟಿತು. ಅದರಲ್ಲಿ ನಡೆಸುವವರು ದಾಳವನ್ನೇ ಮುಟ್ಟುವುದಿಲ್ಲ. ಆಟಗಾರ ಎರಡು ದಾಳ ಹಾಕಿ ತನ್ನ ಪಾತ್ರದ ಅಂಕ ಕೂಡಿಸಬೇಕು: 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪೂರ್ಣ ಗೆಲುವು, 7ರಿಂದ 9ಕ್ಕೆ ಗೆಲುವಿನ ಜೊತೆ ಒಂದು ತೊಡಕು, 6ಕ್ಕಿಂತ ಮೇಲೇಳದಿದ್ದರೆ ಕಷ್ಟ. ಅಂಕ +1 ಇದ್ದವರಿಗೆ ತೊಡಕಿನ ಗೆಲುವು ಬೀಳುವುದು 44 ಶೇಕಡ ಸಲ, ಅದೇ ಎಲ್ಲಕ್ಕಿಂತ ಹೆಚ್ಚು. ಆ ತೊಡಕುಗಳೇ ಮುಂದಿನ ದೃಶ್ಯಕ್ಕೆ ಬೀಜವಾಗುವುದರಿಂದ ಮೊದಲೇ ದೃಶ್ಯ ಬರೆದಿಡುವ ಅಗತ್ಯ ಕಡಿಮೆ.

ಅದರಿಂದ ಬಂದ ಇನ್ನೊಂದು ಸಾಧನ ಗಡಿಯಾರ. 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಇದನ್ನು ಇನ್ನೂ ಸರಳಗೊಳಿಸಿತು. ಕಾಗದದ ಮೇಲೊಂದು ವೃತ್ತ ಬರೆದು 4, 6 ಅಥವಾ 8 ಹೋಳು ಮಾಡಿ. ಕಡಲ್ಗಳ್ಳರ ನಾಯಕಿಯೊಬ್ಬಳು ಬಂದರನ್ನು ವಶಪಡಿಸಿಕೊಳ್ಳಲು ಹೊಂಚು ಹಾಕಿದ್ದಾಳೆ ಅನ್ನಿ, ಆರು ಹೋಳು ಸಾಕು. ಒಂದು ತುಂಬಿದಾಗ ಛತ್ರದಲ್ಲಿ ಹೊಸ ಮುಖಗಳು. ಎರಡಕ್ಕೆ ಕಮ್ಮಾರನಿಗೆ ಬಾಣದ ಮೊನೆಗಳ ದೊಡ್ಡ ಆರ್ಡರ್. ಮೂರಕ್ಕೆ ದೀಪಸ್ತಂಭದ ಕಾವಲುಗಾರ ನಾಪತ್ತೆ. ನಾಲ್ಕಕ್ಕೆ ರಾತ್ರಿ ದೀಪ ಉರಿಯುವುದಿಲ್ಲ. ಐದಕ್ಕೆ ದಿಗಂತದಲ್ಲಿ ಹಾಯಿಗಳು. ಆರಕ್ಕೆ ಬಂದರು ಅವಳದು. ಆಟದೊಳಗಿನ ವಾರಕ್ಕೊಂದು ಹೋಳು ತುಂಬಿ, ಆಟಗಾರರು ಅವಳ ವಿರುದ್ಧ ಏನಾದರೂ ಮಾಡಲು ಹೋಗಿ ಸೋತಾಗ ಇನ್ನೊಂದು ತುಂಬಿ, ಗೆದ್ದರೆ ಒಂದನ್ನು ಅಳಿಸಿ. ಎಡವಟ್ಟಾಗುವುದು ಸಾಮಾನ್ಯವಾಗಿ ಒಂದೇ ಕಡೆ: ಗೇಮ್ ಮಾಸ್ಟರ್ ಹೋಳುಗಳನ್ನು ಗುಟ್ಟಾಗಿ ತುಂಬುತ್ತ ಹೋಗಿ, ಒಂದು ದಿನ ಬಂದರು ಬಿತ್ತೆಂದು ಘೋಷಿಸುತ್ತಾರೆ. ಆಟಗಾರರ ಕಣ್ಣಿಗೆ ಅದೂ ಹಳಿಯೇ. ಪ್ರತಿ ಹೋಳಿಗೂ ಕಣ್ಣಿಗೆ ಬೀಳುವ, ಕಿವಿಗೆ ಕೇಳುವ ಗುರುತೊಂದು ಇರಲೇಬೇಕು. ಒಮ್ಮೆಗೆ ಮೂರಕ್ಕಿಂತ ಹೆಚ್ಚು ಗಡಿಯಾರ ಓಡಿಸಿದರೆ ನಡೆಸುವವರೇ ಮರೆಯುತ್ತಾರೆ.

ಹಳೆಯ ಐವತ್ತು ಜನರ ಮಾದರಿಯೂ ಸತ್ತಿಲ್ಲ. ಬೆನ್ ರಾಬಿನ್ಸ್ ನಡೆಸಿದ, 2007ರ ಹೊತ್ತಿಗೆ ವಿವರವಾಗಿ ಬರೆದ ವೆಸ್ಟ್ ಮಾರ್ಚಸ್ ಎಂಬ ಕ್ಯಾಂಪೇನ್‌ನಲ್ಲಿ ನಿಗದಿತ ದಿನವಿಲ್ಲ, ನಿಗದಿತ ತಂಡವಿಲ್ಲ, ನಿಗದಿತ ಕಥೆಯೂ ಇಲ್ಲ. ಯಾವಾಗ, ಯಾರೊಂದಿಗೆ, ಎಲ್ಲಿಗೆ ಹೋಗಬೇಕೆಂದು ಆಟಗಾರರೇ ಗೊತ್ತುಮಾಡಿ ತಿಳಿಸಬೇಕು. ಹೋಗುವ ಜಾಗ ಮೊದಲೇ ತಿಳಿಯುವುದರಿಂದ ಗೇಮ್ ಮಾಸ್ಟರ್ ಅದೊಂದನ್ನೇ ಸಿದ್ಧಪಡಿಸಿದರಾಯಿತು. ಖಾಯಂ ಮೇಜಿನವರೂ ಈ ಯುಕ್ತಿಯನ್ನು ಎತ್ತಿಕೊಳ್ಳಬಹುದು: ಸೆಷನ್ ಮುಗಿಯುವ ಮುಂಚಿನ ಐದು ನಿಮಿಷದಲ್ಲಿ "ಮುಂದಿನ ಸಲ ಎಲ್ಲಿಗೆ?" ಎಂದು ಕೇಳಿ ಬಾಯಿಬಿಡಿಸಿಕೊಳ್ಳಿ.

ಹಳಿಯನ್ನೇ ಬೈಯುವುದೂ ಸರಿಯಲ್ಲ. ಮೂರು-ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದ ಒಂದೇ ದಿನದ ಆಟಕ್ಕೆ ಹಳಿ ಬೇಕು. ಮುದ್ರಿತ ದೊಡ್ಡ ಕ್ಯಾಂಪೇನ್ ಆಡಲು ಒಪ್ಪಿ ಕೂತವರು ಮೊದಲ ದಿನವೇ ಹಡಗು ಹತ್ತಿ ಹೋಗುವುದೂ ನ್ಯಾಯವಲ್ಲ. ಶುರುವಿಗೆ ಮುಂಚೆ, ಸೆಷನ್ ಜೀರೋದಲ್ಲಿ, ನಾವು ಆಡುತ್ತಿರುವುದು ಇಂಥ ಕಥೆ, ಇಷ್ಟರ ಹೊರಗೆ ಹೋಗಬೇಡಿ ಎಂದು ಬಾಯಿಬಿಟ್ಟು ಹೇಳಿದರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ. ಕೆರಳಿಸುವುದು ಹಳಿಯನ್ನು ಬಯಲೆಂದು ನಂಬಿಸುವ ಕೆಲಸ.

ಮೊದಲಿನ ಹನ್ನೆರಡು ಪುಟಕ್ಕೆ ಬರೋಣ. ಅದನ್ನೇ ಘಟನೆಗಳ ಸರಪಳಿಯಾಗಿ ಬರೆಯದೆ ಒಂದು ಪುಟದಲ್ಲಿ ಮೂವರು ವ್ಯಕ್ತಿಗಳಾಗಿ ಬರೆದಿದ್ದರೆ? ಕೊಲೆಗಾರನಿಗೆ ಏನು ಬೇಕು, ಅವನ ಕೈಯಲ್ಲಿ ಏನಿದೆ, ಎಷ್ಟು ದಿನ ಕಾಯಬಲ್ಲ. ಮಂತ್ರಿಗೂ ಸೆರೆಮನೆಯ ಅಧಿಕಾರಿಗೂ ಇದೇ ಮೂರು ಸಾಲು. ಅರಮನೆಯ ಮತ್ತು ಸುರಂಗದ ನಕ್ಷೆ ಇದ್ದೇ ಇದೆ. ಆಟಗಾರರು ಹಡಗು ಹತ್ತಲಿ. ಔತಣದ ರಾತ್ರಿ ಮಂತ್ರಿ ಸಾಯುತ್ತಾನೆ, ಯಾಕೆಂದರೆ ಕೊಲೆಗಾರ ಯಾರಿಗೂ ಕಾಯುತ್ತಿರಲಿಲ್ಲ. ಆರೋಪ ಬೀಳುವುದು ಬೇರೆಯವರ ಆಹ್ವಾನಪತ್ರ ಹಿಡಿದು ಒಳಗೆ ಬಂದ ಕಳ್ಳನ ಮೇಲೆ. ಮೂರು ವಾರದ ನಂತರ ಮುಂದಿನ ಬಂದರಿನಲ್ಲಿ ಆಟಗಾರರ ಕಿವಿಗೆ ಸುದ್ದಿ ಬೀಳುತ್ತದೆ: ಕಳ್ಳ ಸುರಂಗದಿಂದ ಪರಾರಿಯಾಗಿದ್ದಾನೆ, ಆ ಪತ್ರ ಮಾರಿದವರನ್ನು ಹುಡುಕುತ್ತಿದ್ದಾನೆ.