ಬಾಗೋದೇ ಬೇರೆ, ಹಿಗ್ಗೋದೇ ಬೇರೆ: ಗ್ರಾಫೀನ್ ಓದುವಾಗ ನಾನು ಎಡವಿದ ಜಾಗ

ಗ್ರಾಫೀನ್ ಅಂದರೆ ಇಂಗಾಲದ ಒಂದೇ ಪರಮಾಣು ದಪ್ಪದ ಪದರ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಅನ್ನೋ ವಿಜ್ಞಾನಿಗಳು ಗ್ರಾಫೈಟನ್ನು ಟೇಪಿನಿಂದ ಸುಲಿಸುಲಿದು ತೆಗೆದರು, 2010ರಲ್ಲಿ ನೊಬೆಲ್ ಬಂತು. ಇದು ಎಲ್ಲರ ನೋಟ್ಸಿನಲ್ಲೂ ಇರುತ್ತೆ, ಬಿಡಿ.

ನನ್ನನ್ನು ಎರಡು ದಿನ ಸತಾಯಿಸಿದ್ದು ಒಂದು ಪುಟ್ಟ ಸೂತ್ರ. ಬಾಗಿಸಿದಾಗ ಆಗುವ ಸ್ಟ್ರೈನ್ (ಇದ್ದ ಉದ್ದಕ್ಕೆ ಎಷ್ಟು ಪಾಲು ಹಿಗ್ಗಿತು ಅನ್ನೋ ಲೆಕ್ಕ) = ದಪ್ಪ ÷ (2 × ಬಾಗಿನ ತ್ರಿಜ್ಯ). ಗ್ರಾಫೀನಿನ ದಪ್ಪ 0.34 ನ್ಯಾನೋಮೀಟರ್, ತ್ರಿಜ್ಯ 5 ಮಿಲಿಮೀಟರ್ ಅಂತ ಹಾಕಿದೆ. ಬಂದದ್ದು ಶೇ. 0.0000034. ‘ಅಯ್ಯೋ, ಇದು ಜನ್ಮದಲ್ಲಿ ಸೀಳಲ್ಲ’ ಅಂತ ಬರೆದೂಬಿಟ್ಟೆ. ಹಾಗಾದರೆ ಬಾಗಿಸಿದ ಗ್ರಾಫೀನ್ ಬಿರುಕು ಬಿಟ್ಟಿತು ಅಂತ ಪೇಪರುಗಳಲ್ಲಿ ಯಾಕೆ ಬರೀತಾರೆ?

ಉತ್ತರ ಸಿಕ್ಕಿದ್ದು ಗುಬ್ಬಿ ಹತ್ತಿರದ ನಮ್ಮ ತೋಟದಲ್ಲಿ. ಒಣಗಿದ ಅಡಿಕೆ ಹಾಳೆ ಬಗ್ಗಿಸಿದೆ, ಹೊರಮೈ ಚಟಪಟ ಅಂತ ಸೀಳಿತು. ಒಳಮೈ ಮಾತ್ರ ಮುದುರಿಕೊಂಡಿತು. ಬಾಗಿದಾಗ ಹೊರಮೈ ಹಿಗ್ಗುತ್ತೆ, ಒಳಮೈ ಕುಗ್ಗುತ್ತೆ, ನಡುವೆ ಎಲ್ಲೋ ಒಂದು ಮಟ್ಟ ಇದ್ದಷ್ಟೇ ಉದ್ದ ಇರುತ್ತೆ. ಬಾಗುವ ಸಾಧನಗಳಲ್ಲಿ ಗ್ರಾಫೀನ್ ಸಾಮಾನ್ಯವಾಗಿ ತಾನೊಂದೇ ಇರಲ್ಲ, ಪ್ಲಾಸ್ಟಿಕ್ ಹಾಳೆಯ ಹೊರಮೈಗೆ ಅಂಟಿಕೊಂಡಿರುತ್ತೆ. ಹೊರಮೈ ಎಷ್ಟು ಹಿಗ್ಗುತ್ತೋ ಅದೂ ಅಷ್ಟು ಹಿಗ್ಗಲೇಬೇಕು. ಅಂದರೆ ಸೂತ್ರದಲ್ಲಿ ಹಾಕಬೇಕಾದ ದಪ್ಪ ಗ್ರಾಫೀನಿನದ್ದಲ್ಲ, ಕೆಳಗಿನ ಪ್ಲಾಸ್ಟಿಕ್ಕಿನದ್ದು. 2 ಯಾಕೆ ಬಂತು ಅಂದರೆ ನಡುಮಟ್ಟದಿಂದ ಹೊರಮೈಗೆ ಇರುವ ದೂರ ದಪ್ಪದ ಅರ್ಧ. ಈ ಕಾರಣವನ್ನೂ ನಾನು ಮೊದಲ ಸಲ ಯೋಚಿಸಿರಲಿಲ್ಲ.

ನನ್ನ ಶಾರ್ಟ್‌ಕಟ್: ದಪ್ಪವನ್ನು ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ತ್ರಿಜ್ಯವನ್ನು ಮಿಲಿಮೀಟರಿನಲ್ಲಿ ಇಟ್ಟು ಭಾಗಿಸಿ, ಬಂದದ್ದನ್ನು 20ರಿಂದ ಭಾಗಿಸಿದರೆ ನೇರ ಶೇಕಡಾ ಬರುತ್ತೆ. 100 ಮೈಕ್ರಾನ್, 5 ಮಿ.ಮೀ.: ಶೇ. 1. ಅದೇ ಹಾಳೆ 2 ಮಿ.ಮೀ.ಗೆ ಬಾಗಿದರೆ ಶೇ. 2.5. ಈಗಿನ ಟಚ್‌ಸ್ಕ್ರೀನುಗಳಲ್ಲಿ ಕರೆಂಟ್ ಹರಿಸುವ ಪಾರದರ್ಶಕ ಪದರವಾದ ಇಂಡಿಯಂ ಟಿನ್ ಆಕ್ಸೈಡ್ ಸಾಮಾನ್ಯವಾಗಿ ಶೇ. 2–3ರ ಆಸುಪಾಸಿನಲ್ಲೇ ಬಿರಿಯುತ್ತೆ. ಹಾಳೆ 10 ಮೈಕ್ರಾನ್ ಆದರೆ 2 ಮಿ.ಮೀ.ಗೂ ಬರೀ ಶೇ. 0.25, ಆಗ ಅದೇ ಆಕ್ಸೈಡೂ ಬದುಕುತ್ತೆ! ಮೇಲೊಂದು ಅಷ್ಟೇ ದಪ್ಪದ, ಅದೇ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಪದರ ನಡುಮಟ್ಟಕ್ಕೇ ಬಂದು ಸ್ಟ್ರೈನ್ ಹೆಚ್ಚುಕಡಿಮೆ ಸೊನ್ನೆ. ಬಾಗುವ ವಸ್ತುವಿನಲ್ಲಿ ಅರ್ಧ ಕೆಲಸ ಜಾಗದ್ದು ಅಂತ ನನಗೆ ಆಗಲೇ ಹೊಳೆದದ್ದು.

ಹಿಗ್ಗುವ ವಿಷಯಕ್ಕೆ ಬಂದರೆ ಈ ಉಪಾಯ ಯಾವುದೂ ನಡೆಯಲ್ಲ. ಮೊಣಕೈ ಮೇಲೆ ಅಂಟಿಸಿದ ಗ್ರಾಫೀನ್ ಪಟ್ಟಿಯ ಇಡೀ ದಪ್ಪ ಹಿಗ್ಗುತ್ತೆ, ಕೀಲುಗಳ ಹತ್ತಿರ ಚರ್ಮ ಶೇ. 30ರಷ್ಟು ಎಳೆಯಬಹುದು. ತ್ರಿಜ್ಯದ ಮಾತೇ ಇಲ್ಲ. ದೋಷವಿಲ್ಲದ ಗ್ರಾಫೀನ್ ಚೂರು ಮುರಿಯುವ ಮೊದಲು ಸುಮಾರು ಶೇ. 25 ಹಿಗ್ಗಬಲ್ಲದು ಅನ್ನೋದು 2008ರ ಅಳತೆಯಿಂದ ಬಂದ ಲೆಕ್ಕ. ಆದರೆ ತಾಮ್ರದ ಮೇಲೆ ಬೆಳೆಸಿದ ದೊಡ್ಡ ಪದರದಲ್ಲಿ ಹರಳುಗಳ ಬೆಸುಗೆ ಗೆರೆ, ಸುಕ್ಕು, ತೂತು ಎಲ್ಲ ಇರುತ್ತವೆ. ಅದು ಕೆಲವೇ ಶೇಕಡಾಕ್ಕೆ ಬಿರುಕು ಬಿಡುತ್ತೆ.

ಇದಕ್ಕೆ ಪರಿಹಾರ ಸೀರೆ ನೆರಿಗೆ. ರಬ್ಬರನ್ನು ಮೊದಲೇ ಎಳೆದು ಹಿಡಿದು, ಗ್ರಾಫೀನ್ ಅಂಟಿಸಿ, ಬಿಟ್ಟುಬಿಡೋದು. ರಬ್ಬರ್ ಕುಗ್ಗಿದಾಗ ಪದರ ನೆರಿಗೆಗಟ್ಟುತ್ತೆ. ಮತ್ತೆ ಎಳೆದಾಗ ಹಿಗ್ಗೋದು ಇಂಗಾಲದ ಬಂಧಗಳಲ್ಲ, ನೆರಿಗೆ ಬಿಚ್ಚಿಕೊಳ್ಳುತ್ತೆ ಅಷ್ಟೇ. ಅಮ್ಮ ನೆರಿಗೆ ಕಡಿಮೆ ಹಿಡಿದ ದಿನ ಬಸ್ ಹತ್ತೋಕೆ ಒದ್ದಾಡ್ತಾಳಲ್ಲ, ಹಾಗೆ ನೆರಿಗೆ ಮುಗಿದ ಮೇಲಿನ ಎಳೆತವೆಲ್ಲ ನೇರ ಪದರದ ಮೇಲೇ. ಇನ್ನೊಂದು: ಒಂದೇ ದಿಕ್ಕಿನ ನೆರಿಗೆ ಅಡ್ಡ ಎಳೆದರೆ ಪ್ರಯೋಜನಕ್ಕಿಲ್ಲ, ಎರಡೂ ದಿಕ್ಕಿಗೆ ಎಳೆದು ಬಿಟ್ಟರೆ ಮುದುಡಿದ ಕಾಗದದ ಥರ ಆಗುತ್ತೆ.

ಬಿರುಕು ಯಾವಾಗಲೂ ಶತ್ರುವಲ್ಲ, ಇದು ಕೊನೆಗೆ ಗೊತ್ತಾಯ್ತು. ಎಳೆದಾಗ ಬಿರುಕು ತೆರೆದು ವಿದ್ಯುತ್ ರೋಧ ಏರುತ್ತೆ, ಬಿಟ್ಟಾಗ ಮುಚ್ಚಿ ಇಳಿಯುತ್ತೆ. ನಾಡಿ ಬಡಿತ ಹಿಡಿಯುವ ಸ್ಟ್ರೈನ್ ಸೆನ್ಸರಿಗೆ ಬೇಕಾದ್ದು ಅದೇ. ಕರೆಂಟ್ ಸಾಗಿಸುವ ವೈರ್‌ಗೆ ಬೇಡವಾದ್ದು ಸೆನ್ಸರಿಗೆ ಬೇಕು. ಹಾಗಾಗಿ ಲೆಕ್ಕಕ್ಕೆ ಕೂರುವ ಮೊದಲು ನಾನೀಗ ಅಂಚಿನಲ್ಲಿ ಎರಡು ಬರ್ಕೊಳ್ತೀನಿ: ಇದು ವೈರೋ ಸೆನ್ಸರೋ, ಬಾಗೋದೋ ಹಿಗ್ಗೋದೋ.