ದೋಣಿ ಕಟ್ಟುವ ಬಡಗಿಗೆ ಕರೆಂಟಿನ ಪಾಠ

ಮಳೆಗಾಲದಲ್ಲಿ ಹಳೆ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಭುಜ ಕೊಟ್ಟು ತಳ್ಳಬೇಕು. ನಮಗದು ಕಿರಿಕಿರಿ. ಮರದ ದೋಣಿ ಕಟ್ಟುವವರಿಗೆ ಅದೇ ಬಂಡವಾಳ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಹ್ಯಾಡ್ಲಾಕ್‌ನಲ್ಲಿ ಈ ಕೆಲಸ ಕಲಿಸುವುದಕ್ಕೇ ಒಂದು ಶಾಲೆಯಿದೆ: ನಾರ್ತ್‌ವೆಸ್ಟ್ ಸ್ಕೂಲ್ ಆಫ್ ವುಡನ್ ಬೋಟ್‌ಬಿಲ್ಡಿಂಗ್. ಬಾಬ್ ಪ್ರೊಥೆರೊ ಎಂಬ ಹಿರಿಯ ದೋಣಿ ಬಡಗಿ 1981ರಲ್ಲಿ ಶುರು ಮಾಡಿದ್ದು. ಈಗ ಅಲ್ಲಿ ದೋಣಿಯ ಎಂಜಿನ್, ವೈರಿಂಗ್, ಪೈಪು ಕೆಲಸವನ್ನೂ ಹೇಳಿಕೊಡುತ್ತಾರೆ. ಉಳಿ ಹಿಡಿಯುವವನಿಗೆ ವೈರು ಯಾಕೆ? ಕಾರಣವಿದೆ. ಮೊದಲು ಮರದ ಮಾತು.

ದೋಣಿಯ ಪಕ್ಕೆಲುಬಿಗೆ ಓಕ್ ಪಟ್ಟಿ ಬಾಗಬೇಕು. ಸುಮ್ನೆ ಬಗ್ಗಿಸಿದರೆ ಮುರಿಯುತ್ತದೆ. ಅದಕ್ಕೇ ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಉಗಿ ಹಾಯಿಸುತ್ತಾರೆ, ಒಂದಿಂಚು ದಪ್ಪಕ್ಕೆ ಒಂದು ಗಂಟೆಯ ಲೆಕ್ಕ. ಮರದ ನಾರುಗಳನ್ನು ಅಂಟಿಸಿರುವ ಲಿಗ್ನಿನ್ 100 ಡಿಗ್ರಿಯ ಹಸಿ ಬಿಸಿಯಲ್ಲಿ ಮೆತ್ತಗಾಗುತ್ತದೆ. ಹೊರಗೆ ತೆಗೆದ ಮೇಲೆ ಸಿಗುವುದು ಒಂದೆರಡು ನಿಮಿಷ, ಅಷ್ಟರಲ್ಲಿ ಬಗ್ಗಿಸಿ ಬಿಗಿಯಬೇಕು. ತಡವಾದರೆ ಪಟ್ಟಿ ಮತ್ತೆ ಸೆಟೆದುಕೊಳ್ಳುತ್ತದೆ.

ಆಮೇಲೆ ಹಲಗೆ. ಎರಡು ಹಲಗೆಗಳ ಸಂದು ಒಳಗಡೆ ಬಿಗಿ, ಹೊರಗಡೆ ಸ್ವಲ್ಪ ಬಾಯಿಬಿಟ್ಟಿರುತ್ತದೆ. ಅದರೊಳಗೆ ಹತ್ತಿಯ ಎಳೆಯನ್ನು ಮೊಂಡು ಉಳಿ, ಕೊಡತಿಯಿಂದ ಬಡಿದು ತುಂಬುತ್ತಾರೆ. ನೀರಿಗಿಳಿದ ದೋಣಿ ಮೊದಲ ದಿನ ಸೋರುವುದುಂಟು. ಯಾರೂ ಗಾಬರಿಯಾಗುವುದಿಲ್ಲ, ಪಂಪು ಹಾಕಿ ಕಾಯುತ್ತಾರೆ. ನೀರು ಕುಡಿದ ಹಲಗೆ ಉದ್ದಕ್ಕೆ ಹೆಚ್ಚೂಕಡಿಮೆ ಬೆಳೆಯದು, ಅಗಲಕ್ಕೆ ಉಬ್ಬುತ್ತದೆ. ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಹತ್ತಿ ಜಾಸ್ತಿ ತುರುಕಿದ್ದರೆ, ಉಬ್ಬಿದ ಹಲಗೆಗೆ ಜಾಗವಿಲ್ಲದೆ ಪಕ್ಕೆಲುಬೇ ಮುರಿಯಬಹುದು. ಎಷ್ಟು ಬಡಿಯಬೇಕೆಂದು ಕೈಗೇ ಗೊತ್ತಾಗಬೇಕು.

ಈಗ ವೈರಿನ ಮಾತು. ಉಪ್ಪು ನೀರಿನಲ್ಲಿ ದೋಣಿಯ ಬೋಲ್ಟಿನಂಥ ಕಂಚು, ಕಬ್ಬಿಣದ ಭಾಗಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅದೇ ಒಂದು ಬ್ಯಾಟರಿ. ಕಬ್ಬಿಣ ಸವೆಯುತ್ತದೆ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗಿನ ಹಲಗೆಗಳಿಗೆ ಈ ತಲೆನೋವಿಲ್ಲ. ಅವನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಉಳಿದ ದೋಣಿಗಳಲ್ಲಿ ಸತುವಿನ ಗಟ್ಟಿಯೊಂದನ್ನು ಜೋಡಿಸುತ್ತಾರೆ. ಸತು ಮೊದಲು ಸವೆದು ಬೇರೆ ಲೋಹವನ್ನು ಉಳಿಸುತ್ತದೆ.

ಹಾಗಾದರೆ ಸತು ಜಾಸ್ತಿ ಇದ್ದಷ್ಟೂ ಒಳ್ಳೆಯದು, ಅಲ್ವಾ? ಮರದ ದೋಣಿಯಲ್ಲಿ ಅಲ್ಲ. ಸತು ಕಾಪಾಡುವ ಬೋಲ್ಟಿನ ಸುತ್ತ ಕ್ಷಾರ ಹುಟ್ಟುತ್ತದೆ. ಕಾಗದದ ಕಾರ್ಖಾನೆಯಲ್ಲಿ ಮರವನ್ನು ತಿರುಳಾಗಿಸಲು ಕಾಸ್ಟಿಕ್ ಸೋಡಾ ಹಾಕುತ್ತಾರಲ್ಲ, ಹೆಚ್ಚೂಕಡಿಮೆ ಅದೇ ಕೆಲಸ ಇಲ್ಲೂ ನಿಧಾನವಾಗಿ ನಡೆಯುತ್ತದೆ. ಉಗಿಯಲ್ಲಿ ಮೆತ್ತಗಾಗಿ ಬಾಗಿದ ಲಿಗ್ನಿನ್ ಇಲ್ಲಿ ಕರಗಿಯೇ ಹೋಗುತ್ತದೆ. ವೈರಿಂಗ್ ಕೆಟ್ಟು ಕರೆಂಟು ಸೋರಿದರೂ ಇದೇ ಗತಿ.

ಹಳೆ ದೋಣಿ ದುರಸ್ತಿಗೆ ಬಂದಾಗ ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡುತ್ತಾರೆ. ಬೋಲ್ಟು ಚೆನ್ನಾಗಿಯೇ ಇರುತ್ತದೆ. ಸುತ್ತಲಿನ ಮರ ಮಾತ್ರ ನೆನೆದ ರಟ್ಟಿನ ಹಾಗೆ ತುದಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ.